ಯಾರ ಹೆಸರಿಗೂ ಬೀಳದ ಮೂವತ್ತನಾಲ್ಕು ನಿಮಿಷ

ನಡುಗಡ್ಡೆಗಳ ನಡುವಿನ ಸೆಳೆತ ಲೆಕ್ಕ ಹಾಕಲು
ಈ ಪ್ರೋಗ್ರಾಮಿಗೆ ನಲವತ್ತು ನಿಮಿಷ ಬೇಕು.
ಅಷ್ಟರೊಳಗೆ ತೋರ್ಸ್‌ಹಾವ್ನ್ ಬಂದರಿನ ಫೆರಿ
ಹಗ್ಗ ಬಿಚ್ಚಿಕೊಂಡು ಹೊರಟಿರುತ್ತದೆ,
ನೀರು ಮನಸ್ಸು ಬದಲಿಸಿರುತ್ತದೆ.

ತಪ್ಪು ಯಾರದೆಂದು ಎಲ್ಲರಿಗೂ ಗೊತ್ತಿತ್ತು:
ಮ್ಯಾಟ್ರಿಕ್ಸ್ ಗುಣಿಸುವ ಆ ದಢೂತಿ ಫಂಕ್ಷನ್.
ಮೂರು ವಾರ ಸುನ್ವಾ ಅದರ ಲೂಪುಗಳನ್ನು
ಬಿಚ್ಚಿ ಹೆಣೆದಳು, ಹೆಣೆದು ಬಿಚ್ಚಿದಳು.
ಉಳಿತಾಯ ಹನ್ನೊಂದು ಸೆಕೆಂಡು.
ಎಮ್ಮೆಗೆ ಜ್ವರ, ಎತ್ತಿಗೆ ಬರೆ
(ಅಲ್ಲಿ ಎತ್ತೂ ಇಲ್ಲ, ಎಮ್ಮೆಯೂ ಇಲ್ಲ.
ಕುರಿಗಳಿವೆ, ಗಾಳಿಗೆ ಬೆನ್ನು ಕೊಟ್ಟು).

ಆಮೇಲೆ ತಂದು ಜೋಡಿಸಿದಳು ಪ್ರೊಫೈಲರ್.
ಅದರ ಕೆಲಸ ಇಷ್ಟೇ:
ಸೆಕೆಂಡಿಗೆ ನೂರು ಸಲ ಬಾಗಿಲು ದೂಡಿ
ಈಗ ದುಡಿಯುತ್ತಿರುವವರು ಯಾರು ಎಂದು ಕೇಳಿ
ಹೆಸರು ಬರೆದುಕೊಂಡು ಹೋಗುವುದು.
ಹಾಜರಿ ಕೂಡಿಸಿದರೆ
ಒಟ್ಟು ಆರು ನಿಮಿಷ.
ಮಿಕ್ಕ ಮೂವತ್ತನಾಲ್ಕು
ಯಾರ ಹೆಸರಿಗೂ ಬಿದ್ದಿಲ್ಲ.

ಮತ್ತೆ ಓಡಿಸಿದಳು. ಮತ್ತೆ ಆರು.
ಒಣಗಿಸಿದ ಕುರಿಮಾಂಸ ತೆಳ್ಳಗೆ ಕೊಯ್ಯುತ್ತ
ಚಾಕು ಹಿಡಿದೇ ಎದ್ದಳು:
ದುಡಿಯುವವರನ್ನಷ್ಟೇ ಎಣಿಸಿದ್ದೇನೆ,
ಸುಮ್ಮನೆ ಕೂತವರನ್ನು?

ಪ್ರೊಸೆಸರಿನ ಕಾಲ ಬಿಟ್ಟು
ಗೋಡೆ ಗಡಿಯಾರದ ಕಾಲಕ್ಕೆ ತಿರುಗಿಸಿದಳು.
ಪರದೆಯ ಈ ಅಂಚಿನಿಂದ ಹೆಚ್ಚುಕಡಿಮೆ ಆ ಅಂಚಿಗೆ
ಒಂದೇ ಪಟ್ಟಿ, ಕಿತ್ತಳೆ ಬಣ್ಣ.
ಐದು ಸಾಲಿನ ಪುಟ್ಟ ಫಂಕ್ಷನ್:
ಸ್ಕೋಪುನ್ ಬಂದರಿನ ಅಳತೆಗೋಲನ್ನು ಕೇಳು.
ಉತ್ತರ ಬಾರದಿದ್ದರೆ ಅರ್ಧ ಸೆಕೆಂಡು ಕಾಯಿ.
ಆಮೇಲೆ ಮುಂದೆ ಹೋಗು.
ನಕ್ಷೆಯ ಪ್ರತಿ ಬಿಂದುವಿಗೂ ಒಮ್ಮೆ,
ನಾಲ್ಕು ಸಾವಿರದ ಎಂಬತ್ತು ಸಲ.
ಪಕ್ಕದಲ್ಲಿ ಟಿಪ್ಪಣಿ:
'ಪಾಪ, ಅದು ನಿಧಾನ. ಅವಸರಪಡಿಸಬೇಡಿ. – ಹಾನುಸ್.'

ಬಿರುಗಾಳಿ ಆ ಗೋಲನ್ನು ಬುಡಸಮೇತ ಕಿತ್ತೊಯ್ದು
ಒಂಬತ್ತು ವರ್ಷ.

ಹಾನುಸ್ ಕ್ಲಾಕ್ಸ್‌ವಿಕ್‌ನಲ್ಲಿ ಮೀನು ಸೀಳುತ್ತಿದ್ದ.
ಫೋನಿನಲ್ಲಿ ಚಾಕುವಿನ ಸದ್ದು ನಿಂತಿತು.
"ಇನ್ನೂ ಕೇಳ್ತಾನೇ ಇದೆಯಾ ಅದು?"
ಸ್ವಲ್ಪ ಹೊತ್ತು ಬಿಟ್ಟು,
"ಹೊಸದು ಹಾಕ್ತೀವಿ ಅಂದಿದ್ರಮ್ಮ,
ಅದಕ್ಕೇ ತೆಗೀಲಿಲ್ಲ."
ಚಾಕು ಮತ್ತೆ ಶುರುವಾಯಿತು.

ಐದೂ ಸಾಲು ಅಳಿಸಿದಳು. ಟಿಪ್ಪಣಿಯನ್ನು
ಅಳಿಸಿ, ಮತ್ತೆ ತಂದು, ಅಳಿಸಿದಳು.
ಫೆರಿ ಹಗ್ಗ ಬಿಚ್ಚುವ ಮೊದಲೇ
ಸೆಳೆತದ ನಕ್ಷೆ ಕಪ್ತಾನನ ಕೈಯಲ್ಲಿತ್ತು.
ಅವನು ಗಡಿಯಾರ ನೋಡಿ
ಹಳೆಯದನ್ನೇ ಕಳಿಸಿದ್ದೀರಾ ಎಂದು ಗದರಿದ.

ಸಂಜೆ ಮನೆಗೆ ಹೊರಡುವ ಮುನ್ನ
ಸುನ್ವಾ ಪಟ್ಟಿಯನ್ನು ತಳದವರೆಗೂ ಓದಿದಳು.
ತೀರಾ ಕೊನೆಗೆ, ಸಣ್ಣಕ್ಷರದಲ್ಲಿ,
ಎಲ್ಲರ ಹಾಜರಿ ಬರೆದ ಪ್ರೊಫೈಲರ್
ತನ್ನ ಹೆಸರನ್ನೂ ಬರೆದುಕೊಂಡಿತ್ತು:
ಎಂಟು ಸೆಕೆಂಡು.