ಸುಂಕದವ

ಅಜ್ಮಾನ್. ಲಾಂಡ್ರಿಯ ಹಿಂದಿನ ಕೋಣೆ. ಮಧ್ಯಾಹ್ನ ಮೂರು.
ಹಬೆಯೊಳಗೆ ನಾನು, ಇಸ್ತ್ರಿಗೆ ಇನ್ನೂ ಹದಿನೇಳು ಕಂದೂರ,
ಒಂದೊಂದರ ಕೊರಳಿಗೂ ಗುಲಾಬಿ ಚೀಟಿ.
ಫೋನು ಬಂತು:
"ಅಭಿನಂದನೆಗಳು ಸರ್, ತಮ್ಮ ಟಿಕೆಟ್ಟಿಗೆ
ಎರಡು ಲಕ್ಷ ದಿರ್ಹಮ್ ಬಹುಮಾನ."

ಸುಳ್ಳೆಂದು ಆ ಕ್ಷಣವೇ ತಿಳಿಯಿತು.
ನಮ್ಮ ಟಿಕೆಟ್ಟು ಏಳು ಜನರದ್ದು, ಇರುವುದು ಸಿಪ್ರಿಯನ್ ಹೆಸರಲ್ಲಿ;
ನನ್ನ ಪಾಲು ತಿಂಗಳಿಗೆ ಹದಿನೈದು.
(ಇಸುಬು ಸೇರುವುದಿಲ್ಲ, ಹರಾಮು ಅನ್ನುತ್ತಾನೆ;
ಡ್ರಾ ದಿನ ಮಾತ್ರ ನಮಗಿಂತ ಮೊದಲು
ನಂಬರು ನೋಡುವವನೂ ಅವನೇ.)

ಇಡಬಹುದಿತ್ತು ಫೋನು.
ಆದರೆ ಅವನು ಕನ್ನಡ ಮಾತಾಡಿದ.
ಕೌಂಟರಿನಲ್ಲಿ ಹಿಂದಿ, ಮಾಲಕನಿಗೆ ಮಲಯಾಳ,
ರೂಮಿನಲ್ಲಿ ತುಳು. ನನಗೆ ಯಾರಾದರೂ
'ರೀ' ಅಂದು ಐದು ತಿಂಗಳು.

"ಮೊದಲು ತೆರಿಗೆ ಕಟ್ಟಬೇಕು ಸರ್, ಸಾವಿರದ ಎಂಟುನೂರು.
ಕಟ್ಟಿದ ಅರ್ಧ ಗಂಟೆಗೆ ಹಣ."
"ತಮ್ಮಾ, ಈ ಊರಾಗ ಪಗಾರಕ್ಕ ತೆರಿಗಿ ಇಲ್ಲ,
ಬಾರದ ರೊಕ್ಕಕ್ಕ ಯಾವ ತೆರಿಗಿ?"
"ಇದು ಬ್ಯಾರೇ ತೆರಿಗಿರೀ," ಅಂದುಬಿಟ್ಟ.

ಬ್ಯಾರೇ. ಅಲ್ಲೇ ಸಿಕ್ಕಿಬಿದ್ದ.
ಯಾವ ಕಡೆಯವನೋ, ರೋಣವೋ ಕುಷ್ಟಗಿಯೋ.
"ಊಟ ಆತೇನು?" ಅಂದೆ.
ಅವನ ಬೆನ್ನ ಹಿಂದೆ ಬೇರೆ ದನಿಗಳು, ಸಾಲಾಗಿ,
ಯಾವ ಯಾವುದೋ ಭಾಷೆಯಲ್ಲಿ ಅದೇ ಅಭಿನಂದನೆ.
"ಇನ್ನೂ ಇಲ್ರೀ," ಅಂದ, ಸಣ್ಣಗೆ.

ಆಮೇಲೆ ನಾನೇ ಮಾತಾಡಿದೆ.
ತಂಗಿಯ ಹೆರಿಗೆ, ನನ್ನ ಹಲ್ಲುನೋವು,
ಇಲ್ಲಿ ಸಿಗುವ ಜೋಳದ ಹಿಟ್ಟು
ರೊಟ್ಟಿಯಾಗದೆ ಬಿರುಕು ಬಿಡುವ ಕಥೆ.
ಸುಂಕದವನ ಮುಂದೆ ಸುಖದುಃಖ ಹೇಳಬಾರದಂತೆ.
ಹೇಳಿದೆ, ಹನ್ನೊಂದು ನಿಮಿಷ.
ಅವನು ನಡುನಡುವೆ "ಹೌದ್ರೀ" ಅನ್ನುತ್ತಿದ್ದ,
ಆಮೇಲೆ ನೆನಪಾಗಿ, "ಕಾರ್ಡಿನ ನಂಬರು ಸರ್..."

ಸುಟ್ಟ ವಾಸನೆ ಬಂದದ್ದು ಆಗ.
ನನ್ನ ಕೈ ಯಾವಾಗ ನಿಂತಿತೋ;
ಬಿಳಿ ತೋಳಿನ ಮೇಲೆ ಕಂದು ದೋಣಿ.

ಪಗಾರದಲ್ಲಿ ತೊಂಬತ್ತು ದಿರ್ಹಮ್ ಮುರಿದ ಮಾಲಕ.
ಸಿಪ್ರಿಯನ್ ನಕ್ಕ: ಗೆಲ್ಲದೆಯೇ ತೆರಿಗೆ ಕಟ್ಟಿದವನು
ಇಡೀ ಗಲ್ಫಿನಲ್ಲಿ ನೀನೊಬ್ಬನೇ ಮಾರಾಯ.
ನಂಬರು ಬ್ಲಾಕ್ ಮಾಡು ಅಂದ ಇಸುಬು. ಮಾಡಿದೆ.
ಅವನ ಹೆಸರು ಕೇಳಲಿಲ್ಲವಲ್ಲ
ಎಂದು ಹೊಳೆದದ್ದು ರಾತ್ರಿ,
ಮುಂದಿನ ಟಿಕೆಟ್ಟಿನ ಹದಿನೈದು
ಡಬ್ಬಿಗೆ ಹಾಕುವಾಗ.