ಅರವತ್ತು ಅಂಗಿ

ನಿನ್ನೆಯ ಮದುವೆಯ ಥರ್ಮೋಕೋಲ್ ಅಕ್ಷರ
ಇನ್ನೂ ಗೋಡೆಯಲ್ಲಿದೆ. ಪ್ರಾಚಿ ಪೂರ್ತಿ ಉಳಿದಿದ್ದಾಳೆ,
ವರನ ಹೆಸರು ಅರ್ಧ ಉದುರಿದೆ.
ಅದರ ಕೆಳಗೆ ನನ್ನ ಮೇಜು.
ಮುಲುಂಡಿನ ಈ ಹಾಲಿನಲ್ಲಿ, ಭಾನುವಾರದ
ಇಸ್ಪೀಟಲ್ಲದ ಇಸ್ಪೀಟಿಗೆ ನಾನು ತೀರ್ಪುಗಾರ್ತಿ.

ನಗಬೇಡಿ. ಮೂವತ್ತೊಂದು ವರ್ಷ
ಸಹಕಾರಿ ಬ್ಯಾಂಕಿನಲ್ಲಿ ನೋಟು ಎಣಿಸಿದ ಬೆರಳು ಇವು.
ಕಟ್ಟಿನ ನಡುವೆ ಖೋಟಾ ಒಂದು ಬಂದರೆ
ಕಣ್ಣಿಗಿಂತ ಮೊದಲು ಹೆಬ್ಬೆರಳು ನಿಲ್ಲುತ್ತಿತ್ತು.
ಕೆಳಮಹಡಿಯ ಹುಡುಗರು ಅದನ್ನು ಕಂಡು
"ಬಂಗೇರ ಆಂಟಿ, ನೀವೇ ಬನ್ನಿ" ಅಂದರು,
ನಿಯಮದ ಪುಸ್ತಕ ಕೊಟ್ಟರು. ಓದಿದೆ,
ಲೆಡ್ಜರ್ ಓದುವ ಹಾಗೆ, ಸಾಲಿಗೆ ಸ್ಕೇಲಿಟ್ಟು.

ಕಾರ್ಡಿಗೆ ಹಾಕುವ ಪ್ಲಾಸ್ಟಿಕ್ಕಿಗೆ ಸ್ಲೀವ್ ಅನ್ನುತ್ತಾರೆ.
ತೋಳು ಅಂದರೆ ನನಗೇ ನಗು,
ಕವಚ ಅಂದರೆ ಕರ್ಣ ಬಂದು ನಿಲ್ಲುತ್ತಾನೆ, ಅವನು ಬೇಡ.
ನಾನು ಅಂಗಿ ಅನ್ನುತ್ತೇನೆ.
ಅರವತ್ತು ಕಾರ್ಡಿಗೆ ಅರವತ್ತು ಅಂಗಿ,
ಒಂದೇ ಬಣ್ಣ, ಒಂದೇ ಅಳತೆ.
ಬೆನ್ನಿನಿಂದ ಒಳಗಿನದು ಕಾಣಕೂಡದು.
ಕನ್ನಡಿಯ ಹಾಗೆ ಹೊಳೆಯಕೂಡದು, ಮೇಲೆತ್ತಿದ್ದರ ಮುಖ
ಕೆಳಗಿನದರ ಬೆನ್ನಲ್ಲಿ ಮೂಡೀತು.
ಅಂಗಿಯ ಮೇಲೊಂದು ಅಂಗಿ ಸೈ, ಮೂರನೆಯದಿಲ್ಲ.
ಉಗುರಿನ ಗೀರು, ಮಡಿಸಿದ ಮೂಲೆ, ಬಟಾಟವಡೆಯ ಎಣ್ಣೆ
ಒಂದಕ್ಕೆ ಮಾತ್ರ ಇರಕೂಡದು.
ಎಲ್ಲಕ್ಕೂ ಇದ್ದರೆ?
ಅಡ್ಡಿಯಿಲ್ಲ. ಎಲ್ಲರೂ ಕೊಳಕಾದ ಮನೆಯಲ್ಲಿ
ಕೊಳಕು ಯಾರೂ ಅಲ್ಲ.

ಮೂರನೇ ಸುತ್ತು. ಏಳನೇ ಮೇಜಿನಿಂದ ಕೈ ಎದ್ದಿತು,
ಹಲ್ಲಿನ ಡಾಕ್ಟರಿಕೆ ಓದುವ ಹರ್ಮೀನ್‌ಳದು.
ಅವಳೆದುರು ತನ್ಮಯ ಘರತ್, ಉರಣದ ಹುಡುಗ,
ಹದಿಮೂರು ತುಂಬಿರಬಹುದು,
ಬೆಳಗಿನ ಲಾಂಚು ಹತ್ತಿ ಭಾವುಚಾ ಧಕ್ಕಾಗೆ,
ಅಲ್ಲಿಂದ ಲೋಕಲ್ ಹಿಡಿದು ಬಂದವನು.
ಅವನ ಅಂಗಿಗಳು ಉಪ್ಪುಗಾಳಿಗೆ ಮಬ್ಬಾಗಿ
ಹಳೆಯ ಕನ್ನಡಕದ ಹಾಗಿದ್ದವು.

ಕಣ್ಣು ಮುಚ್ಚಿ ಎಣಿಸಿದೆ.
ಹನ್ನೊಂದರಲ್ಲಿ ಹೆಬ್ಬೆರಳು ಜಾರಿತು.
ಇಪ್ಪತ್ತಾರು. ಮೂವತ್ತು. ಐವತ್ತೆರಡು.
ನಾಲ್ಕು ಅಂಗಿ ನುಣುಪು. ಅದೇ ಕಂಪನಿ, ಅದೇ ನೀಲಿ,
ಆದರೆ ನಿನ್ನೆ ಹುಟ್ಟಿದವು.
ತಿರುಗಿಸಿ ನೋಡಿದೆ: ನಾಲ್ಕೂ ಬೆಂಕಿಮೊಸಳೆ,
ಅವನ ಬಳಿಯ ಅತಿ ಬೆಲೆಯ ನಾಲ್ಕು.

"ಅಂಗಡಿಯವ ನಾಲ್ಕೇ ಬಿಡಿಯಾಗಿ ಕೊಟ್ಟ" ಅಂದ.
"ಒಳ್ಳೆಯದಕ್ಕೆ ಒಳ್ಳೆಯದು ಹಾಕಿದೆ."
ಮೋಸವಲ್ಲ. ಗೊತ್ತು ನನಗೆ.
ನಮ್ಮಮ್ಮ ಅಷ್ಟಮಿಗೆ ತಂದ ಒಂದೇ ಲಂಗದ ಬಟ್ಟೆ
ಅಕ್ಕನಿಗೇ ಹೊಲಿಸಿದ್ದು, ಅವಳು ಬೆಳ್ಳಗಿದ್ದಳೆಂದು.
ಆದರೆ ಈ ಪುಸ್ತಕ ಮನಸ್ಸನ್ನು ಕೇಳುವುದಿಲ್ಲ,
ಬೆರಳನ್ನು ಕೇಳುತ್ತದೆ.
ಬೆರಳು ಹೇಳಿಬಿಟ್ಟಿತ್ತು.

ಒಂದು ಆಟ ಹೋಯಿತು ಅಂತ ಬರೆದೆ.
ಹೊಸ ಕಟ್ಟು ಕೌಂಟರಿನಲ್ಲಿದೆ, ನಾನೂರೈವತ್ತು, ಅಂದೆ.
ಅವನ ಜೇಬಿನಲ್ಲಿ ವಾಪಸು ಲಾಂಚಿನ ದುಡ್ಡಿತ್ತು,
ಮತ್ತೊಂದು ವಡಾಪಾವ್‌ನದು.
ಕೊಡಬೇಕೆನಿಸಿತು. ಮೇಜಿನ ಈ ಬದಿಯಲ್ಲಿ ಕೂತು
ಕೊಡಲಾಗದು, ಅದನ್ನೂ ಬರೆದಿಟ್ಟಿದ್ದಾರೆ.

"ಎಲ್ಲ ಬಿಚ್ಚಿದರೆ?" ಅಂದ.
ಪುಟ ತಿರುಗಿಸಿದೆ, ಗೊತ್ತಿದ್ದರೂ ತಿರುಗಿಸಿದೆ.
ಬರಿಮೈಯೂ ಕಾಯಿದೆಯೇ,
ಅರವತ್ತೂ ಬರಿಮೈಯಾದರೆ.

ಬಿಚ್ಚಿದ. ಒಂದೊಂದೇ. ಹರ್ಮೀನ್ ಗಡಿಯಾರ ನೋಡಲಿಲ್ಲ,
ತನ್ನ ನೀರಿನ ಬಾಟಲಿ ಎತ್ತಿ ನೆಲಕ್ಕಿಟ್ಟಳು.
ಕೊನೆಗೆ ಮೊಸಳೆಗಳು. ಎರಡು ಬೆರಳಿನಲ್ಲಿ,
ಬಿಸಿ ನೀರಿನಿಂದ ಮಗು ಎತ್ತಿದ ಹಾಗೆ.

ಆ ಸುತ್ತು ಗೆದ್ದ. ಐದನೆಯದರಲ್ಲಿ ಸೋತ.
ಕಲಸುವಾಗ ಒಂದು ಮೊಸಳೆಯ ಮೂಲೆ ಮಡಚಿತ್ತು,
ಅಕ್ಕಿಕಾಳಿನಷ್ಟು.
ಇನ್ನು ಅದು ಬರಿಮೈಯಲ್ಲಿ ಆಡುವಂತಿಲ್ಲ,
ಮುಂದಿನ ವಾರ ಅರವತ್ತೂ ಹೊಸ ಅಂಗಿ ಬೇಕು.
ಹೇಳಿದೆ. ತಲೆಯಾಡಿಸಿದ.

ಹಳೆಯ ಐವತ್ತಾರನ್ನು ಡಬ್ಬಿಗೆ ತುಂಬಿಕೊಂಡು ಹೋದ.
ಹೊಸ ನಾಲ್ಕು ನನ್ನ ಮೇಜಿನ ಮೇಲೆಯೇ ಇದ್ದವು,
ಫ್ಯಾನಿನ ಗಾಳಿಗೆ ಒಂದು ಉಬ್ಬಿ, ತಗ್ಗಿ, ಮತ್ತೆ ಉಬ್ಬಿ.
ಕೂಗಿದೆ. ಮೆಟ್ಟಿಲಿಳಿದಿದ್ದ.