ರೆಕ್ಕೆಗೂ ಸುಂಕ

ಮೀಟರ್ ಗೇಜು ಕಿತ್ತ ವರ್ಷ ಹರಾಜಿಗೆ ಬಂದ
ಸ್ಲೀಪರ್ ಮರ. ಎಣ್ಣೆ ಕುಡಿದು ಕಪ್ಪಾಗಿ
ಉಳಿ ಇಟ್ಟರೆ ಉಳಿಯನ್ನೇ ಕೇಳುತ್ತಿತ್ತು, ಯಾವೂರು?
ಬೀರೂರಿನ ರೈಲ್ವೆ ಕಾಲೊನಿಯ ಪುಟ್ಟ ಇಗರ್ಜಿಗೆ
ವಾಚನಪೀಠ ಬೇಕೆಂದರು ಫಾದರ್ ಚೌರಪ್ಪ.
ನಾಲ್ಕು ಮಗ್ಗುಲು, ನಾಲ್ಕು ಮುಖ, ನಾಲ್ಕಕ್ಕೂ ರೆಕ್ಕೆ.
"ಬರೆದವರು ನಾಲ್ವರು, ಆಚಾರ್ರೇ.
ಕಥೆ ಒಬ್ಬನದೇ."

ಸಿಂಹವೆಂದರೆ ನನ್ನ ಕೈ ತಾನೇ ಓಡಿತು
ಬೇಲೂರಿನ ಕಡೆಗೆ: ಸುರುಳಿ ಕೇಸರ, ಬಾಯಲ್ಲಿ ಮುತ್ತಿನ ಸರ.
ಫಾದರ್ ನಕ್ಕರು. ಇದು ಅರಮನೆಯದಲ್ಲ, ಬೆಂಗಾಡಿನದು,
ಮಾರ್ಕನ ಮೊದಲ ಪುಟದಲ್ಲೇ ಕೂಗುವ ದನಿ.
ಹಿಂದಿನವರು ನಂಬಿದ್ದರಂತೆ,
ಸಿಂಹದ ಮರಿ ಸತ್ತೇ ಹುಟ್ಟುತ್ತದೆ,
ಮೂರನೆಯ ದಿನ ಅಪ್ಪ ಬಂದು ಮುಖಕ್ಕೆ ಉಸಿರೂದಿದರೆ
ಕಣ್ಣು ಬಿಡುತ್ತದೆ.
ಕಾಫಿ ತಂದಿದ್ದ ನನ್ನಾಕೆ ಲೋಟ ಇಟ್ಟು
ಏನೂ ಅನ್ನದೆ ಒಳಗೆ ಹೋದಳು.
ಮುತ್ತಿನ ಸರ ಕೆತ್ತಿ ತೆಗೆದೆ. ಬಾಯಿ ತೆರೆದೇ ಉಳಿಯಿತು.

ಹೋರಿಗೆ ಇಲ್ಲಿ ಯಾರನ್ನೂ ಕೇಳಬೇಕಿಲ್ಲ.
ಕಾವಲಿನ ಅಮೃತಮಹಲ್: ಹಿಂದಕ್ಕೆ ಬಾಗಿ ಮತ್ತೆ ಮೇಲೇಳುವ ಕೊಂಬು,
ನೊಣ ಕೂತರೆ ಜಾರುವ ಮೈ.
ಸೀಮೆಸುಣ್ಣದಲ್ಲಿ ಬರೆದೆ, ಗಂಟೆ ಕಟ್ಟಿ, ಗೊಂಡೆ ಕಟ್ಟಿ, ಕೂರಿಸಿ.
"ಏಳಲಿ," ಎಂದರು. "ಲೂಕನದು ಕೂತು ಪೂಜೆ ಕೊಳ್ಳುವುದಲ್ಲ,
ಬಲಿಪೀಠದ ಕಡೆ ನಡೆಯುವುದು."
ನಂದಿಯನ್ನು ಕಡೆದ ಮನೆತನ ನಮ್ಮದು.
ಒಂದು ವಾರ ಆ ಮಗ್ಗುಲು ಮುಟ್ಟಲಿಲ್ಲ.
ಆಮೇಲೆ ಅಳಿಸಿ, ನಿಲ್ಲಿಸಿ ಬರೆದೆ.
ಗಂಟೆ ಮಾತ್ರ ಬಿಚ್ಚಲಿಲ್ಲ. ಅವರೂ ಕೇಳಲಿಲ್ಲ.

ಹದ್ದಿಗೆ ಕೈ ಮುಗಿಸಬೇಡಿ, ಮನುಷ್ಯರ ಮೂಗು ಬೇಡ
ಎಂದು ಮೊದಲೇ ಹೇಳಿಬಿಟ್ಟರು, ಗರುಡನ ಭಯಕ್ಕೆ.
ಯೊವಾನ್ನನ ಹಕ್ಕಿ ಸೂರ್ಯನನ್ನು ರೆಪ್ಪೆ ಬಡಿಯದೆ ನೋಡುತ್ತದಂತೆ.
ಅದರ ಕಣ್ಣಿಗೆ ನಾನು ಉಳಿ ಹಾಕಲೇ ಇಲ್ಲ.
ಹಳಿಯ ಮೊಳೆ ಕಿತ್ತ ತೂತು ಸರಿಯಾಗಿ ಅಲ್ಲೇ ಇತ್ತು.

ಉಳಿದದ್ದು ಬರೀ ಮನುಷ್ಯ.
ದೇವರಿಗೆ ತಾಳವುಂಟು, ಅಳತೆಯುಂಟು; ಯಾಳಿಗೂ ಉಂಟು.
ಬರೀ ಮನುಷ್ಯನಿಗೆ? ಅಪ್ಪ ಕಲಿಸಿರಲಿಲ್ಲ.
"ಈ ಮತ್ತಾಯ ಏನು ಮಾಡುತ್ತಿದ್ದ, ಫಾದರ್?"
"ಸುಂಕ ವಸೂಲಿ."
ಅಷ್ಟು ಸಾಕಾಯಿತು.
ದನದ ಸಂತೆಯ ಬಾಗಿಲಲ್ಲಿ ಕೂರುವ ಗುರುಮಲ್ಲಪ್ಪ,
ಜೋತ ಕೆಳದುಟಿ, ಜಗತ್ತೆಲ್ಲ ಕದ್ದು ಒಳನುಗ್ಗುತ್ತಿದೆಯೆಂಬ ಹುಬ್ಬು,
ಕರುವಿಗೆ ಐದು, ಕುರಿಗೆ ಮೂರು, ಕೋಳಿ ಹಿಡಿದ ಮುದುಕಿಗೂ ಬಿಟ್ಟವನಲ್ಲ.
ಅವನ ಮುಖ ಕಡೆದು ಹೆಗಲಿಗೆ ರೆಕ್ಕೆ ಇಟ್ಟೆ.
ನಗು ಬಂತು.
ಗರಿ ಮೂಡುತ್ತ ಮೂಡುತ್ತ ಬರಲಿಲ್ಲ.

ಸುದ್ದಿ ಊರಾಡಿ, ಒಂದು ಮಧ್ಯಾಹ್ನ ಅವನೇ ಬಂದ,
ಚಪ್ಪಲಿ ಹೊರಗೆ ಬಿಟ್ಟು.
ಪೀಠದ ಸುತ್ತ ಎರಡು ಸಲ ನಡೆದ,
ಹಲ್ಲೆಣಿಸುವವನಂತೆ ಹೋರಿಯೆದುರು ಬಗ್ಗಿದ,
ತನ್ನೆದುರು ಮಾತ್ರ ಸಾಲ ಕೇಳಲು ಬಂದವನಂತೆ ನಿಂತ.
"ಪೆನ್ನು ಬಿಟ್ಟಿದ್ದೀರಿ," ಎಂದ.
ಹೌದಲ್ಲ. ಬಿದಿರು ಸೀಳಿ ಕಿವಿಯ ಮೇಲೆ ಸಿಕ್ಕಿಸಿದೆ.

ಮುಂದಿನ ಸಂತೆಗೆ ಕರು ಹಿಡಿದು ಹೋದೆ.
ಈ ಸಲ ಬಿಡುತ್ತಾನೆ ಅಂದುಕೊಂಡಿದ್ದೆ. ಬಿಡಲಿಲ್ಲ.
ಐದು ರೂಪಾಯಿ ಎಣಿಸಿ ಒಳಗಿಟ್ಟು ರಶೀದಿ ಹರಿದ.
ಸದಾ ಕಾಗೆ ಕಾಲು ಗೀಚುವವನು
ಅವತ್ತು ಅಕ್ಷರಕ್ಕೊಂದು ಉಸಿರು ಬಿಟ್ಟು ಬರೆದಿದ್ದ:
ಕರು ಒಂದು. ಬಣ್ಣ ಕೆಂದು.
ಹಣೆಯಲ್ಲಿ ಚುಕ್ಕೆ.